ಗಾಳಿಯಾಡದ ಮನೆಯ ಮೇಡಂ

ಹೋದ ತಿಂಗಳು ಅಮೆರಿಕದ ಮಾರಿಸ್‌ವಿಲ್‌ನ ಒಂದು ಸಭಾಂಗಣದಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಮೇಡಂಗೆ ಶ್ರದ್ಧಾಂಜಲಿ ಸಭೆ ನಡೆಸಿದರು. ದೊಡ್ಡದು ಮಾಡಿಸಿದ ಫೋಟೊ, ಅದಕ್ಕೊಂದು ಹಾರ, ಹಿಂದಿನ ಮೇಜಿನ ಮೇಲೆ ಉಪ್ಪಿಟ್ಟು ಮತ್ತು ಕಾಫಿ. ಮೈಕು ಹಿಡಿದ ಹಿರಿಯರೊಬ್ಬರು, "ಅವರದು ತುಂಬಾ ಶಾಂತ ಸ್ವಭಾವ. ಯಾರಿಗೂ ಒಂದು ಗಟ್ಟಿ ಮಾತು ಆಡಿದವರಲ್ಲ" ಎಂದರು. ಮುಂದಿನ ಸಾಲಿನವರು ಹೌದೆಂದು ತಲೆ ಆಡಿಸಿದರು. ನಾನು ಎದ್ದು ಹೊರಗೆ ಬಂದೆ. ಅಲ್ಲೇ ಕೂತಿದ್ದರೆ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಶಾಂತ ಸ್ವಭಾವವಂತೆ! ಎರಡು ವರ್ಷ ಅವರ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು ನಾನು. ಅವರು ಶಾಂತವಾಗಿದ್ದ ಒಂದು ದಿನವೂ ನನಗೆ ನೆನಪಿಲ್ಲ. ಬೆಳಗ್ಗೆ ಎದ್ದರೆ ರೇಡಿಯೋ ಸುದ್ದಿಗೆ ಬೈಗುಳ, ಕಾಫಿ ಕುಡಿಯುವಾಗ ಸ್ಕೂಲ್ ಬೋರ್ಡಿಗೆ, ಸಂಜೆ ಬಂದರೆ ಕಾರನ್ನು ಅಡ್ಡ ನಿಲ್ಲಿಸಿದ ಎದುರುಮನೆಯವನಿಗೆ. ಸಿಟ್ಟು ಬಂದಾಗ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸುತ್ತಿದ್ದರು. ಇನ್ನೂ ಹೆಚ್ಚಿದರೆ ಆ ಕನ್ನಡಕವನ್ನೇ ಮನೆಯೆಲ್ಲ ಹುಡುಕುತ್ತ, ಯಾರು ತೆಗೆದಿಟ್ಟರೆಂದು ನನಗೆ ಬೈಯುತ್ತಿದ್ದರು. ಅವರನ್ನು ಸತ್ತ ಮೇಲೆ ಸಾಧು ಮಾಡುವ ಹಕ್ಕು ಆ ಸಭಾಂಗಣದಲ್ಲಿದ್ದ ಯಾರಿಗೂ ಇರಲಿಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ಮೈಸೂರಿನ ಮಂಡಿ ಮೊಹಲ್ಲಾದವರು. ಅಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದವರು, ಆಮೇಲೆ ಡರ್ಹಮ್‌ನ ಸರ್ಕಾರಿ ಹೈಸ್ಕೂಲೊಂದಕ್ಕೆ ಅದೇ ಪಾಠ ಹೇಳಲು ಬಂದು ಇಲ್ಲೇ ಉಳಿದರು. ಬಾಡಿಗೆ ಕೋಣೆ ನೋಡಲು ಹೋದ ದಿನ ನಾನು ರೂಢಿಯಂತೆ "ಆಂಟಿ" ಎಂದೆ.

"ಆಂಟಿ ಗೀಂಟಿ ಅನ್ಬೇಡ. ನಾನು ನಿಮ್ಮಮ್ಮನ ತಂಗಿ ಅಲ್ಲ. ಮೇಡಂ ಅನ್ನು, ಅದು ನಾನು ದುಡಿದು ಸಂಪಾದಿಸಿದ್ದು" ಎಂದರು.

ಗಂಡನ ವಿಷಯವನ್ನು ಒಮ್ಮೆ ಮಾತ್ರ ಕೇಳಿದ್ದೆ. "ಇದ್ದ. ಈಗ್ಲೂ ಇದಾನೆ. ನನ್ ಮನೇಲಿ ಇಲ್ಲ, ಅಷ್ಟೆ." ಅಲ್ಲಿಗೆ ಮುಗಿಯಿತು. ಅಟ್ಲಾಂಟಾದಲ್ಲಿ ಒಬ್ಬ ತಮ್ಮ ಇದ್ದ. ಅವನಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಬೈಯುತ್ತಿದ್ದರು.

ಎಲ್ಲರೂ ಮಾರಿಸ್‌ವಿಲ್‌ನಲ್ಲಿ ಹೊಸ ಟೌನ್‌ಹೌಸ್ ಕೊಳ್ಳುತ್ತಿದ್ದಾಗ ಮೇಡಂ ಡರ್ಹಮ್‌ನಲ್ಲಿ ಹಳೆಯ ಮರದ ಮನೆ ಕೊಂಡರು. ಅಗಲವಾದ ಜಗಲಿ, ಮುಂದೊಂದು ಓಕ್ ಮರ, ಹೆಜ್ಜೆ ಇಟ್ಟಲ್ಲೆಲ್ಲ ಕಿರುಗುಟ್ಟುವ ಹಲಗೆ ನೆಲ. ಯುಗಾದಿ ಹಬ್ಬದ ಊಟದಲ್ಲಿ ಯಾರೋ, "ಹಳೇ ಮನೆ ಯಾಕೆ ಮೇಡಂ? ಹೊಸದು ತಗೊಳ್ಳಿ, ಮೇಂಟೆನೆನ್ಸ್ ಇರಲ್ಲ" ಎಂದರಂತೆ. "ನಾನೂ ಹಳಬಳೇ. ನನ್ನನ್ನೂ ಕೆಡವಿಸ್ತೀರಾ?" ಎಂದು ಕೇಳಿ, ಒಬ್ಬಟ್ಟಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರಂತೆ.

ಆದರೆ ಆ ಮನೆಯ ಚಳಿ ಸುಳ್ಳಲ್ಲ. ಕಿಟಕಿ ಮುಚ್ಚಿದ್ದರೂ ಪರದೆ ಅಲ್ಲಾಡುತ್ತಿತ್ತು. ಪ್ಲಗ್ ಪಾಯಿಂಟಿಗೆ ಕೈ ಹಿಡಿದರೆ ಒಳಗಿನಿಂದ ಯಾರೋ ಊದಿದಂತೆ ತಣ್ಣನೆಯ ಗಾಳಿ. ಹೀಟರ್ ಇಡೀ ದಿನ ಓಡುತ್ತಿತ್ತು, ಬಿಸಿಯೆಲ್ಲ ಅಟ್ಟದಿಂದ ಆಕಾಶಕ್ಕೆ ಹೋಗುತ್ತಿತ್ತು. ನಾನು ಹೊದಿಕೆ ಸುತ್ತಿಕೊಂಡು ಆಫೀಸಿನ ಮೀಟಿಂಗ್‌ಗಳಿಗೆ ಕೂರುತ್ತಿದ್ದೆ. ಒಂದು ಭಾನುವಾರ ಮೇಡಂ ಊದುಬತ್ತಿ ಹಚ್ಚಿಕೊಂಡು ಮನೆಯ ಮೂಲೆ ಮೂಲೆಗೂ ತಿರುಗಿದರು. ಹೊಗೆ ನೆಟ್ಟಗೆ ಮೇಲೆ ಹೋದರೆ ಆ ಜಾಗ ಸರಿಯಿದೆ, ಅಡ್ಡ ಓಡಿದರೆ ಅಲ್ಲಿ ಬಿರುಕಿದೆ. ಪ್ರತಿ ಬಿರುಕಿಗೂ ಒಂದು ಬೈಗುಳ. "ಮನೆ ಅಲ್ಲ ಇದು, ಜರಡಿ!"

ಆಗ ಬಂದವನು ಆ ಕಂಟ್ರಾಕ್ಟರ್. ನಮ್ಮ ಕಡೆಯವನೇ. ಹಳೆಯ ಮನೆಗಳನ್ನು ಬೆಚ್ಚಗೆ ಮಾಡಿಕೊಡುವುದು ಅವನ ಉದ್ಯೋಗ. ರಾಜ್ಯೋತ್ಸವದ ವೇದಿಕೆಯ ಹಿಂದೆ ಅವನ ಬ್ಯಾನರ್, ಮಕ್ಕಳ ಕ್ರಿಕೆಟ್ ಟೀಮಿನ ಅಂಗಿಯ ಮೇಲೆ ಅವನ ಹೆಸರು. ಮಾತಂತೂ ಬೆಣ್ಣೆ. "ಅಕ್ಕಾ, ನೀವೇನೂ ಯೋಚ್ನೆ ಮಾಡ್ಬೇಡಿ. ನಿಮ್ಮನೇನ ಫ್ಲಾಸ್ಕ್ ಥರ ಮಾಡ್ಕೊಡ್ತೀನಿ" ಎಂದ.

ಮಾಡಿಯೂ ಕೊಟ್ಟ. ಅಟ್ಟದ ಮಾಡಿಗೆಲ್ಲ ಫೋಮ್ ಹೊಡೆಸಿದ. ನೆಲದಡಿಯಲ್ಲಿ ತೆವಳುವಷ್ಟೇ ಜಾಗವಿತ್ತು, ಅಲ್ಲಿನ ಗವಾಕ್ಷಿಗಳನ್ನು ಮುಚ್ಚಿಸಿದ. ಕಿಟಕಿಗಳನ್ನು ಬದಲಿಸಿದ, ಬಿರುಕುಗಳನ್ನೆಲ್ಲ ತುಂಬಿಸಿದ. ಒಗ್ಗರಣೆಯ ವಾಸನೆ ಇನ್ನು ಹೊರಗೆ ಹೋಗುವುದು ಹೇಗೆ ಎಂದು ನಾನೇ ಕೇಳಿದ್ದಕ್ಕೆ ಅಡುಗೆಮನೆಗೆ ಭರ್ಜರಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ. ಕೆಲಸ ಮುಗಿದ ವಾರ ಮೇಡಂ ಚಿಕ್ಕ ಹುಡುಗಿಯ ಹಾಗೆ ಬರಿಗಾಲಲ್ಲಿ ಮನೆಯಿಡೀ ಓಡಾಡಿದರು. "ಬಾರೇ, ನೆಲ ಮುಟ್ಟಿ ನೋಡು! ಬೆಚ್ಚಗಿದೆ!" ಎಂದು ಮಹಡಿಯಿಂದ ನನ್ನನ್ನು ಕರೆದು ನೆಲ ಮುಟ್ಟಿಸಿದರು. ಅವರು ಹಾಗೆ ನಗುವುದನ್ನು ನಾನು ಮೊದಲ ಬಾರಿ ನೋಡಿದ್ದೆ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅದು ಕೋವಿಡ್‌ನ ಕಾಲ. ಜನವರಿಯ ಕೊರೆಯುವ ಚಳಿ ಶುರುವಾಗಿತ್ತು. ನನಗೆ ತಲೆನೋವು ಹಿಡಿಯಿತು. ಹೊಟ್ಟೆ ತೊಳಸುವುದು, ಮೆಟ್ಟಿಲು ಹತ್ತಿದರೆ ಏದುಸಿರು. ಕೋವಿಡ್ ಇರಬೇಕೆಂದು ಟೆಸ್ಟ್ ಮಾಡಿಕೊಂಡೆ, ನೆಗೆಟಿವ್ ಬಂತು. ಮತ್ತೆ ಮಾಡಿದೆ, ಮತ್ತೆ ನೆಗೆಟಿವ್. ಮೇಡಂಗೂ ತಲೆ ಹಿಡಿಯುತ್ತಿತ್ತು, ಆದರೆ ಸ್ಕೂಲಿಗೆ ಹೋದೊಡನೆ ಬಿಡುತ್ತಿತ್ತು. "ಮಕ್ಕಳ ಮುಖ ನೋಡಿದ್ರೆ ತಲೆನೋವು ಬರ್ಬೇಕು, ನನಗೆ ಹೋಗ್ತಿದೆ. ಎಲ್ಲಾ ಉಲ್ಟಾ" ಎಂದು ತಮಾಷೆ ಮಾಡಿದರು. ನಾನೋ ಮನೆಯಲ್ಲೇ ಕೂತು ಕೆಲಸ ಮಾಡುವವಳು. ನನಗೆ ಬಿಡುವೇ ಇರಲಿಲ್ಲ.

ಒಂದು ಮಧ್ಯಾಹ್ನ ಬೇಳೆ ಬೇಯಲು ಇಟ್ಟು ಫ್ಯಾನ್ ಹಾಕಿ, ಬಟ್ಟೆಯನ್ನು ಡ್ರೈಯರ್‌ಗೆ ತುಂಬಿ ಸೋಫಾದ ಮೇಲೆ ಒರಗಿದೆ. ಮೇಡಂ ಸ್ಕೂಲಿನಿಂದ ಬಂದದ್ದು ನನಗೆ ದೂರದಲ್ಲೆಲ್ಲೋ ನಡೆದ ಹಾಗೆ ಕೇಳಿಸಿತು. "ಏನೇ, ಹುಷಾರಿಲ್ವಾ?" ಎಂದರು. ಉತ್ತರ ಬಾಯಿಗೆ ಬರಲಿಲ್ಲ. ಅವರು ಕಿಟಕಿಗಳತ್ತ ನೋಡಿದರು. ಹೊಸ ಗಾಜುಗಳೆಲ್ಲ ಒಳಗಿನಿಂದ ಬೆವೆತು ನೀರು ಇಳಿಯುತ್ತಿತ್ತು. ಮರುಕ್ಷಣ ನನ್ನ ರಟ್ಟೆ ಹಿಡಿದು ಎಳೆಯತೊಡಗಿದರು.

"ಏಳೇ ಕತ್ತೆ! ಏಳು! ನಿದ್ದೆ ಮಾಡ್ಬೇಡ! ಕಾಲಿಡು, ಇನ್ನೊಂದ್ ಕಾಲಿಡು!"

ನನಗಿಂತ ಕುಳ್ಳಗಿದ್ದ ಹೆಂಗಸು ನನ್ನನ್ನು ಜಗಲಿ ದಾಟಿಸಿ ಹುಲ್ಲಿನ ಮೇಲೆ ಕೆಡವಿದರು. ಫೋನಿನಲ್ಲಿ ತುರ್ತು ಸಹಾಯದ ೯೧೧ನವರ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ, ನಡುನಡುವೆ ಕನ್ನಡದಲ್ಲಿ ನನಗೆ ಬೈಯುತ್ತಿದ್ದರು. ಫೈರ್‌ನವರು ಗ್ಯಾಸ್ ಅಳೆಯುವ ಮೀಟರ್ ಹಿಡಿದು ಒಳಗೆ ಹೋದವರು ಕೂಡಲೇ ಹೊರಗೆ ಬಂದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮತ್ತೆ ಹೋದರು. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ. ಬಣ್ಣವಿಲ್ಲ, ವಾಸನೆಯಿಲ್ಲ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಡಾಕ್ಟರು, ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಪಕ್ಕದ ಹಾಸಿಗೆಯಲ್ಲಿ ತಾವೂ ಆಕ್ಸಿಜನ್ ಹಾಕಿಸಿಕೊಂಡಿದ್ದ ಮೇಡಂ ಮಾಸ್ಕನ್ನು ಪಕ್ಕಕ್ಕೆ ಸರಿಸಿ ಪಾಠ ಶುರುಮಾಡಿದರು. "ಆ ಫ್ಯಾನು, ಡ್ರೈಯರ್ರು ಮನೆ ಗಾಳೀನ ಹೊರಗೆ ತಳ್ತವೆ. ಮೊದ್ಲು ಬಿರುಕುಗಳಿಂದ ಹೊಸ ಗಾಳಿ ಒಳಗೆ ಬರ್ತಿತ್ತು. ಈಗ ಬಿರುಕೇ ಇಲ್ಲ. ಎಲ್ಲಿಂದ ಬರ್ಬೇಕು ಹೇಳು? ಗ್ಯಾಸ್ ಹೀಟರಿನ ಚಿಮಣಿಯಿಂದ ಬರತ್ತೆ. ಹೊಗೆ ಸಮೇತ. ಕಿಟಕಿ ಬೆವೆತಿದ್ದು ಆ ಹೊಗೇಲಿರೋ ಆವಿಗೆ. ಬಿಗಿ ಮಾಡಿದ್ಮೇಲೆ ಹೊಗೆ ಮೇಲೆ ಹೋಗ್ತಿದ್ಯಾ ಅಂತ ನೋಡ್ಲೇಬೇಕು. ನೋಡ್ಲಿಲ್ಲ ಅವ್ನು. ಹಾಲ್‌ನಲ್ಲಿದ್ದ ಗ್ಯಾಸ್ ಅಲಾರಂ ಕೂಡ ಪೇಂಟ್ ಮಾಡೋಕೆ ಬಿಚ್ಚಿದವ್ನು ವಾಪಸ್ ಹಾಕ್ಲಿಲ್ಲ." ನರ್ಸ್ ಬಂದು ಮಾಸ್ಕನ್ನು ಸರಿಮಾಡಿದಳು. ಅವಳು ಅತ್ತ ಹೋದೊಡನೆ ಮೇಡಂ ಮತ್ತೆ ಸರಿಸಿದರು. "ನಾನೂ ನೋಡ್ಲಿಲ್ಲ. ಫಿಸಿಕ್ಸ್ ಮೇಷ್ಟ್ರು ನಾನು! ನೆಲ ಬೆಚ್ಚಗಿದೆ ಅಂತ ಕುಣೀತಿದ್ದೆ."

ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಆ ಕಂಟ್ರಾಕ್ಟರನಿಗೆ ಫೋನ್. ಸ್ಪೀಕರ್ ಹಾಕಿದ್ದರು.

"ಹೀಟರ್ ಚೆಕ್ ಮಾಡಿದ್ರಾ ಇಲ್ವಾ?"

"ಅಕ್ಕಾ, ನಿಮ್ ಹೀಟರ್ ಹಳೇದು. ಅದು ನನ್ ಸ್ಕೋಪ್‌ನಲ್ಲಿ ಬರಲ್ಲ..."

"ಚೆಕ್ ಮಾಡಿದ್ರಾ?"

"ಅಕ್ಕಾ, ಕೂತು ಮಾತಾಡೋಣ. ನಾವೆಲ್ಲ ನಮ್ಮವ್ರು."

"ಇನ್ನೆಷ್ಟು ಮನೆ ಹೀಗೆ ಮಾಡಿದೀರ? ಅವ್ರ ನಂಬರ್ ಕೊಡಿ. ಅವ್ರಿಗೆ ಹೇಳ್ಬೇಕು."

ಅವನು ಫೋನ್ ಇಟ್ಟ.

ಆ ಶನಿವಾರ ಕನ್ನಡ ಸಂಘದ ಹಿರಿಯರೊಬ್ಬರು ಬಂದರು, ಜೊತೆಗೆ ಸ್ವೀಟ್ ಬಾಕ್ಸು. ಹೋದ ತಿಂಗಳು ಮೈಕು ಹಿಡಿದವರು ಇವರೇ. ಆರೋಗ್ಯ ವಿಚಾರಿಸಿದರು, ದೇವರು ದೊಡ್ಡವನು ಎಂದರು. ಆಮೇಲೆ ವಿಷಯಕ್ಕೆ ಬಂದರು. "ನೀವು ಸ್ಟೇಟ್‌ಗೆ ಕಂಪ್ಲೇಂಟ್ ಕೊಡ್ತೀರಂತೆ. ಬೇಡ ಮೇಡಂ. ಅವ್ನ ಲೈಸೆನ್ಸ್ ಹೋಗತ್ತೆ. ಮಕ್ಕಳೊಂದಿಗ. ಏನೋ ಆಗಿಹೋಯ್ತು, ಯಾರಿಗೂ ಏನೂ ಆಗ್ಲಿಲ್ವಲ್ಲ."

ನಾನು ಅಲ್ಲೇ ಕೂತಿದ್ದೆ. ಆ 'ಯಾರಿಗೂ' ಎಂಬುದರಲ್ಲಿ ನಾನು ಇರಲಿಲ್ಲ.

ಮೇಡಂ ಕನ್ನಡಕವನ್ನು ತಲೆಗೆ ಏರಿಸಿದರು. "ಕಂಪ್ಲೇಂಟ್ ಕೊಟ್ಟಾಯ್ತು. ನಿಮ್ಮಿಂದ ನಂಗೆ ಬೇಕಾಗಿರೋದು ಒಂದೇ. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿ. ಅವ್ನ ಕೈಲಿ ಕೆಲಸ ಮಾಡಿಸಿದವ್ರೆಲ್ಲ ಹೀಟರ್ ಚೆಕ್ ಮಾಡಿಸ್ಕೊಳ್ಳಿ, ಅಲಾರಂ ಹಾಕ್ಸಿ ಅಂತ. ಅವ್ನ ಹೆಸ್ರು ಬೇಕಾದ್ರೆ ಬೇಡ."

"ಗ್ರೂಪಿನಲ್ಲಿ ನೆಗೆಟಿವ್ ಬೇಡ ಅಂತ ನಮ್ಮ ಪಾಲಿಸಿ. ಎಲ್ಲರಿಗೂ ಗೊತ್ತಾಗ್ಬಿಡತ್ತೆ ಯಾರು ಅಂತ. ನಮ್ಮವ್ರ ಹೊಟ್ಟೆ ಮೇಲೆ ನಾವೇ ಹೊಡೀಬಾರ್ದು."

"ಅವ್ನು ನಿಮ್ಮವ್ನು. ಸರಿ. ನಾನು ಯಾರವಳು?"

ಹಿರಿಯರು ಸ್ವೀಟ್ ಬಾಕ್ಸಿನ ರಿಬ್ಬನ್ ನೋಡುತ್ತ ಕೂತರು. "ಹಾಗಲ್ಲ ಮೇಡಂ" ಎಂದರು. ಪ್ರತಿ ರಾಜ್ಯೋತ್ಸವಕ್ಕೆ ಮಕ್ಕಳಿಗೆ ನಾಡಗೀತೆ ಕಲಿಸುತ್ತಿದ್ದವರು ಮೇಡಂ. ಬಹುಮಾನದ ಪುಸ್ತಕ ಕೊಳ್ಳುತ್ತಿದ್ದವರೂ ಅವರೇ. ಫೋಟೊ ತೆಗೆಯುವಾಗ "ನೋಡಿ, ಮುಸ್ಲಿಮ್ಸ್ ಕೂಡ ನಮ್ಮ ಜೊತೆ ಇದಾರೆ" ಎಂದು ಮುಂದಿನ ಸಾಲಿಗೆ ಕರೆದು ನಿಲ್ಲಿಸಿಕೊಳ್ಳುತ್ತಿದ್ದವರು ಈ ಹಿರಿಯರು. ಕೂಡ! ಆ 'ಕೂಡ'ದ ಬೆಲೆ ಆ ದಿನ ನಮ್ಮ ನಡುಮನೆಯಲ್ಲಿ ಗೊತ್ತಾಯಿತು.

ಹೊರಡುವಾಗ ಮೇಡಂ ಬಾಕ್ಸನ್ನು ಅವರ ಕೈಗೇ ವಾಪಸು ಕೊಟ್ಟರು. "ಇದನ್ನೂ ಅವ್ನಿಗೇ ಕೊಡಿ. ಮಕ್ಕಳೊಂದಿಗ."

ಅಂದೇ ಸಂಜೆ ಗ್ರೂಪಿನಲ್ಲಿ ತಾವೇ ಬರೆದರು. ಯಾರ ಹೆಸರೂ ಇಲ್ಲದ, ನಾಲ್ಕು ಸಾಲಿನ ಎಚ್ಚರಿಕೆ. ಅಡ್ಮಿನ್ ಅದನ್ನು ಅಳಿಸಿ, ಅವರನ್ನು ಗ್ರೂಪಿನಿಂದ ತೆಗೆದರು. ನಾನು ಅದನ್ನೇ ಮತ್ತೆ ಹಾಕಿದೆ. ನನ್ನನ್ನೂ ತೆಗೆದರು. ಅವತ್ತು ಗ್ರೂಪಿನಲ್ಲಿ ಉಳಿದದ್ದು ಸಂಕ್ರಾಂತಿಯ ಎಳ್ಳುಬೆಲ್ಲದ ಫೋಟೊಗಳು.

ಆಮೇಲೆ ನಾವೇ ಹೊರಟೆವು. ಅವನ ಜಾಹೀರಾತಿನ ಪುಟದಲ್ಲಿ ಕೆಲಸ ಮುಗಿಸಿದ ಮನೆಗಳ ಚಿತ್ರಗಳಿದ್ದವು. ಮೇಡಂ ಅವುಗಳಲ್ಲಿ ಬಾಗಿಲು, ಮರ, ಬೀದಿಯ ತಿರುವು ನೋಡಿ ಗುರುತು ಹಿಡಿಯುತ್ತಿದ್ದರು. ಗೊತ್ತಾಗದ್ದನ್ನು ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳುತ್ತಿದ್ದರು. ವಾರಾಂತ್ಯಗಳಲ್ಲಿ ನಾನು ಡ್ರೈವ್ ಮಾಡುತ್ತಿದ್ದೆ. ಅವರ ಬ್ಯಾಗಿನಲ್ಲಿ ಒಂದು ಮೀಟರ್, ಒಂದು ಪೊಟ್ಟಣ ಊದುಬತ್ತಿ. ಕೆಲವರು ಒಳಗೆ ಕರೆದು ಕಾಫಿ ಕೊಟ್ಟರು. ಒಬ್ಬರು ಊದುಬತ್ತಿ ನೋಡಿ, "ಏನ್ ಮೇಡಂ, ನೀವು ಪೂಜೆ ಮಾಡೋಕೆ ಬಂದ್ರಾ?" ಎಂದು ನಕ್ಕರು. "ಹೂಂ, ನಿಮ್ಮ ವಾಟರ್ ಹೀಟರಿಗೆ" ಎಂದು ಮೇಡಂ ಸೀದಾ ಅದರ ಬಳಿ ಹೋಗಿ ಹೊಗೆ ಹಿಡಿದರು. ಕೆಲವು ಮನೆಗಳಲ್ಲಿ ಎಲ್ಲ ಕರೆಂಟಿನದು, ಅಪಾಯವಿರಲಿಲ್ಲ. ಆದರೆ ಆ ನಕ್ಕವರ ಮನೆಯಲ್ಲಿ ಹೊಗೆ ಮೇಲೆ ಹೋಗದೆ ಕೆಳಕ್ಕೆ ಬಂತು. ಅವರ ನಗು ನಿಂತಿತು.

ಕ್ಯಾರಿ ಕಡೆಯ ಒಂದು ಹಳೆಯ ಮನೆಯಲ್ಲಿ ಮಾತ್ರ ಗಂಡಸು ಬಾಗಿಲಲ್ಲೇ ಅಡ್ಡ ನಿಂತ. ಅವನ ಬೆನ್ನ ಹಿಂದೆ ಹೆಂಡತಿ, ಹೆಗಲ ಮೇಲೆ ಎಳೆಮಗು.

"ನಮಗೆ ಎಲ್ಲಾ ಹೇಳಿದಾರೆ ನಿಮ್ ಬಗ್ಗೆ. ಆ ಕಂಟ್ರಾಕ್ಟರ್ ನನ್ ಫ್ರೆಂಡ್. ದಯವಿಟ್ಟು ಹೋಗಿ."

"ಐದೇ ನಿಮಿಷ. ಹೀಟರ್ ನೋಡ್ಕೊಂಡು ಹೋಗ್ತೀನಿ. ಮಗು ಇದೆಯಲ್ಲಪ್ಪಾ!"

"ನಮ್ ಮಗು ನಾವು ನೋಡ್ಕೋತೀವಿ."

"ತಲೆನೋವಿದ್ಯೇನಮ್ಮಾ?" ಎಂದು ಮೇಡಂ ಅವನ ಭುಜದ ಮೇಲಿಂದ ಆ ಹುಡುಗಿಯನ್ನು ಕೇಳಿದರು. ಅವಳು ಗಂಡನ ಕಡೆ ನೋಡಿದಳು. ಆದರೆ ಕೈ ತಾನಾಗಿ ಹಣೆಗೆ ಹೋಯಿತು.

ಅವನು ಬಾಗಿಲು ಹಾಕಿಕೊಂಡ. ಮೇಡಂ ಹೋಗಲಿಲ್ಲ. ಅಂಗಳದ ನಡುವೆ ನಿಂತು ಕೂಗತೊಡಗಿದರು. ಕಿಟಕಿ ತೆಗೀರಿ, ಮಗೂನ ಹೊರಗೆ ತನ್ನಿ! ಆಚೀಚಿನ ಮನೆಯವರು ಹೊರಗೆ ಬಂದರು. ಅವನು ಕಿಟಕಿಯಿಂದ, "ಪೊಲೀಸ್ ಕರೀತೀನಿ!" ಎಂದ.

"ಕರಿ! ಪೊಲೀಸ್ ಯಾಕೆ, ಫೈರ್‌ನವ್ರನ್ನ ಕರಿ! ನಿನಗಾಗಲ್ಲ ಅಂದ್ರೆ ನಾನೇ ಕರೀತೀನಿ!" ಎಂದು ಕರೆದೇಬಿಟ್ಟರು.

ಕೆಂಪು ಗಾಡಿ ಬಂತು. ಫೈರ್‌ನವರಿಗೆ ಅವನು ಬಾಗಿಲು ತೆಗೆಯಲೇಬೇಕಾಯಿತು. ಸ್ವಲ್ಪ ಹೊತ್ತಿಗೆ ಫೈರ್‌ನವನೊಬ್ಬ ಕಂಬಳಿ ಸುತ್ತಿದ ಮಗುವನ್ನು ಎತ್ತಿಕೊಂಡು ಹೊರಗೆ ಬಂದ. ಹಿಂದೆಯೇ ತಾಯಿ, ಬರಿಗಾಲಲ್ಲಿ. ಗ್ಯಾಸ್ ಬಂದ್ ಮಾಡಿದ್ದೇವೆ, ಇವತ್ತು ಈ ಮನೆಯಲ್ಲಿ ಮಲಗಬೇಡಿ ಎಂದು ಫೈರ್‌ನವರು ಹೇಳಿದರು. ಆ ಗಂಡಸು ಮೇಡಂ ಹತ್ತಿರ ಬಂದ. ಕೈ ಮುಗಿಯುತ್ತಾನೆ ಎಂದುಕೊಂಡೆ. "ಬೀದಿ ಜನರ ಮುಂದೆ ನಮ್ ಮಾನ ಕಳೆದ್ರಿ" ಎಂದ.

ಮೇಡಂ ಬಂದು ಕಾರಿನಲ್ಲಿ ಕೂತರು. ಸೀಟ್ ಬೆಲ್ಟ್ ಹಾಕಿಕೊಳ್ಳುವುದನ್ನೂ ಮರೆತಿದ್ದರು. ನಾನೇ ಹಾಕಿದೆ. ಅರ್ಧ ದಾರಿ ಬಂದ ಮೇಲೆ, "ಅವ್ನಿಗೆ ಬೈಯೋದೇ ಮರ್ತೋಯ್ತು ನೋಡು. ಗಾಡಿ ತಿರುಗಿಸ್ತೀಯಾ?" ಎಂದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಕಿಟಕಿಯ ಕಡೆ ತಿರುಗಿ ಅತ್ತರು.

ಕಂಪ್ಲೇಂಟಿನಿಂದ ಆದದ್ದೇನು? ವಿಚಾರಣೆ ಮುಗಿಯುವ ಮೊದಲೇ ಅವನು ಕಂಪನಿ ಮುಚ್ಚಿ ಮೇರಿಲ್ಯಾಂಡ್ ಕಡೆ ಹೋಗಿ ಬೇರೆ ಹೆಸರಿನಲ್ಲಿ ಅಂಗಡಿ ತೆರೆದ. ಬೀಳ್ಕೊಡುಗೆಗೆ ಸಂಘದವರು ಶಾಲು ಹೊದಿಸಿದರಂತೆ. ಮೇಡಂ ಗ್ಯಾಸಿನದೆಲ್ಲ ತೆಗೆಸಿ ಕರೆಂಟಿನ ಹೀಟ್ ಪಂಪ್ ಹಾಕಿಸಿದರು. ಹೊಸ ಗಾಳಿ ಒಳಗೆ ಬರಲು ಬೇರೆಯೇ ಒಂದು ಯಂತ್ರ ಇಡಿಸಿದರು. ಕೆಲಸ ಮಾಡುವವರ ಬೆನ್ನ ಹಿಂದೆ ನಿಂತು ಪ್ರತಿ ಹೆಜ್ಜೆಗೂ ಪ್ರಶ್ನೆ ಕೇಳಿ ಅವರ ಪ್ರಾಣ ತಿಂದರು. ಮನೆ ನಿಜವಾಗಿ ಬೆಚ್ಚಗಾಯಿತು. ಆದರೆ ಅವರು ಮತ್ತೆ ಬರಿಗಾಲಲ್ಲಿ ಓಡಾಡಿದ್ದನ್ನು ನಾನು ನೋಡಲಿಲ್ಲ.

"ಬಿಟ್ಬಿಡಿ ಮೇಡಂ, ಎಷ್ಟು ದಿನ ಸಿಟ್ಟು ಇಟ್ಕೋತೀರ?" ಎಂದು ಒಮ್ಮೆ ಕೇಳಿದೆ. "ನಾನು ಇಟ್ಕೊಂಡಿಲ್ಲ ಕಣೆ, ಅವ್ರ್ಯಾರೂ ಇಸ್ಕೊಳ್ತಿಲ್ಲ" ಎಂದರು.

ಈ ವರ್ಷ ಕ್ಯಾನ್ಸರ್ ಬಂತು. ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು. ಆಸ್ಪತ್ರೆಯಲ್ಲೂ ಎಸಿಯ ಗಾಳಿ ನೇರ ಮುಖಕ್ಕೆ ಬಡಿಯುತ್ತದೆ, ಇದನ್ನು ಕಟ್ಟಿದವನು ಯಾವ ಸ್ಕೂಲಿನಲ್ಲಿ ಓದಿದ್ದು ಎಂದು ಜಗಳ ತೆಗೆದಿದ್ದರು. ಜೀವ ಹೋದಾಗ ಅಟ್ಲಾಂಟಾದ ತಮ್ಮ ಪಕ್ಕದಲ್ಲಿದ್ದ.

ಮಣ್ಣು ಮಾಡುವ ದಿನ ಸ್ಕೂಲಿನ ಮಕ್ಕಳು, ಮಸೀದಿಯವರು, ಅಕ್ಕಪಕ್ಕದವರು ತುಂಬಿದ್ದರು. ಸಂಘದಿಂದ ಒಬ್ಬರೂ ಬಂದಿರಲಿಲ್ಲ. ನಾನು ಹಿಂದೆ, ಕಾರುಗಳ ಹತ್ತಿರ ನಿಂತಿದ್ದೆ. ಪುಟ್ಟ ಹುಡುಗಿಯ ಕೈ ಹಿಡಿದುಕೊಂಡು ಒಬ್ಬ ಹೆಂಗಸು ನನ್ನ ಬಳಿ ಬಂದಳು. ಕ್ಯಾರಿಯ ಆ ತಾಯಿ. ಗಂಡ ಕಾರಿನಿಂದ ಇಳಿದಿರಲಿಲ್ಲ.

"ಅವತ್ತು ಒಂದ್ ಥ್ಯಾಂಕ್ಸ್ ಕೂಡ ಹೇಳ್ಲಿಲ್ಲ ನಾನು" ಎಂದಳು.

"ಹೌದು, ಹೇಳ್ಲಿಲ್ಲ" ಎಂದೆ. ಸಮಾಧಾನ ಹೇಳುವ ಮನಸ್ಸು ನನಗಿರಲಿಲ್ಲ.

ಅವಳು ಹೋಗಲಿಲ್ಲ. "ಇನ್ನೊಂದ್ ವಿಷ್ಯ. ನಮ್ಮಣ್ಣ ಮೇರಿಲ್ಯಾಂಡ್‌ನ ಜರ್ಮನ್‌ಟೌನ್‌ನಲ್ಲಿ ಹಳೇ ಮನೆ ತಗೊಂಡಿದಾನೆ. ಚಳಿಗಾಲದೊಳಗೆ ಬೆಚ್ಚಗೆ ಮಾಡಿಸ್ಬೇಕು ಅಂತ ಕೆಲಸ ಶುರು ಮಾಡಿಸಿದಾನೆ. ಯಾರ ಕೈಲಿ ಅಂತ ಮೊನ್ನೆ ಗೊತ್ತಾಯ್ತು. ಅವ್ನೇ."

"ಹೇಳಿದ್ರಾ ಅಣ್ಣಂಗೆ?"

"ನಮ್ಮನೆಯವ್ರು ಬೇಡ ಅಂದ್ರು. ಮತ್ತೆ ಯಾಕೆ ಗಲಾಟೆ ಅಂತ."

"ಅವ್ರು ಅಲ್ಲಿ ಮಲಗಿದಾರೆ" ಎಂದು ನಾನು ಗುಂಡಿಯ ಕಡೆ ಕೈ ತೋರಿಸಿದೆ. "ಅವ್ರು ಇದ್ದಿದ್ರೆ ಈ ಹೊತ್ತಿಗೆ ಮೇರಿಲ್ಯಾಂಡ್ ದಾರೀಲಿ ಇರ್ತಿದ್ರು. ಫೋನ್ ಮಾಡಿ. ಇಲ್ಲೇ, ಈಗ್ಲೇ."

ಅವಳು ಮಾಡಿದಳು. ಮೊದಮೊದಲು ಪಿಸುಮಾತಿನಲ್ಲೇ ಹೇಳಿದಳು. ಆ ಕಡೆಯಿಂದ ಅಣ್ಣನ ನಗು ನನಗೂ ಕೇಳಿಸಿತು. "ಏ, ಅವ್ರು ತುಂಬಾ ಒಳ್ಳೇವ್ರು ಕಣೆ. ನಮ್ಮ ಕಡೆಯವ್ರೇ. ಯಾರೋ ಏನೋ ಹೇಳಿದ್ರು ಅಂತ..."

"ನಮ್ಮ ಕಡೆಯವ್ನಾದ್ರೆ ಗ್ಯಾಸ್ ಸುಮ್ನೆ ಬಿಟ್ಬಿಡತ್ತೇನೋ?" ಅವಳ ದನಿ ಒಡೆದು ಮೇಲೇರಿತು. "ನನ್ ಮಗು ಸಾಯ್ತಿತ್ತು ಕಣೋ! ಯಾರೋ ಅಲ್ಲ, ನಾನ್ ಹೇಳ್ತಿದೀನಿ! ನಿಲ್ಸು ಕೆಲಸಾನ. ಅತ್ತಿಗೇಗೆ ಕೊಡು ಫೋನು. ಕೊಡೋ!"

ಮಣ್ಣು ಹಾಕುತ್ತಿದ್ದವರು ಸಲಿಕೆ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದರು. ಗಂಡ ಕಾರಿನಿಂದ ಇಳಿದು ಓಡುತ್ತ ಬಂದು, ಮೆಲ್ಲಗೆ, ಮೆಲ್ಲಗೆ ಎಂದು ಕೈಸನ್ನೆ ಮಾಡಿದ. ಅವಳು ಅವನಿಗೆ ಬೆನ್ನು ತಿರುಗಿಸಿ ಇನ್ನೂ ಜೋರಾಗಿ ಕೂಗತೊಡಗಿದಳು.